ತಿರುವಿನಲ್ಲಿ ಆಯಿಲ್ ಎಲ್ಲಿಗೆ ಹೋಗುತ್ತದೆ

ನನ್ನ ಗಂಡನ ರೇಸ್ ಕಾರಿನ ಇಂಜಿನ್ ಕೆಟ್ಟಾಗಲೆಲ್ಲ ನಾನು ಏಟು ತಿನ್ನುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಒಬ್ಬ ಹೆಂಗಸು ಆಯಿಲ್ ಪಂಪು, ಬೇರಿಂಗು ಅಂತ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಂಡಳು ಎಂದು ನೀವು ಕೇಳುತ್ತೀರಿ. ನನಗೆ ಕಾರಿನ ಹುಚ್ಚು ಎಂದೂ ಇರಲಿಲ್ಲ. ನನ್ನ ಬೆನ್ನಿನ ಚಿಂತೆ ನನಗಿತ್ತು.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತಾಗಲೂ ನಾವು ಕೂಗಿಯೇ ಮಾತಾಡುತ್ತೇವೆ, ಹೊಸದಾಗಿ ಬಂದವರು ಜಗಳ ನಡೆದಿದೆ ಅಂದುಕೊಳ್ಳುತ್ತಾರೆ. ನನ್ನನ್ನು ಜಮಖಂಡಿಗೆ ಕೊಟ್ಟರು. ಗಂಡನದು ಗ್ಯಾರೇಜು. ಅದರ ಮುಂದೆ ಬಿಡಿಭಾಗಗಳ ಸಣ್ಣ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮದುವೆಯಾದ ಮೇಲೆ ನನ್ನನ್ನು ಅಂಗಡಿಯಲ್ಲಿ ಕೂರಿಸಿದರು. ಆಯಿಲ್ ಡಬ್ಬಿ, ಫಿಲ್ಟರ್, ಫ್ಯಾನ್ ಬೆಲ್ಟು, ಬೇರಿಂಗು ಎಲ್ಲ ನನ್ನ ಸುಪರ್ದಿಗೆ ಬಂದವು. ಇಂಜಿನ್ನಿಗೆ ಯಾವ ಆಯಿಲ್ ಹೋಯಿತು ಎನ್ನುವುದಕ್ಕೆ ನಾನು ಜವಾಬ್ದಾರಳು. ಇದು ಮುಂದೆ ನನಗೆ ದುಬಾರಿಯಾಯಿತು.

ಬೇಸಿಗೆಯಲ್ಲಿ ಬೀಳಗಿಯ ಕಡೆ, ಅನಗವಾಡಿಯ ಆಸುಪಾಸಿನಲ್ಲಿ, ಕೃಷ್ಣೆಯ ಹಿನ್ನೀರು ಹಿಂದೆ ಸರಿಯುತ್ತದೆ. ನೀರು ಬಿಟ್ಟುಹೋದ ಎರಿಮಣ್ಣು ಒಣಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಟ್ರ್ಯಾಕ್ಟರ್ ಬ್ಲೇಡು ಹೊಡೆದು, ಸುಣ್ಣದ ಗೆರೆ ಎಳೆದು, ಉದ್ದುದ್ದದ ಒಂದು ಸುತ್ತು ಮಾಡುತ್ತಾರೆ. ಅಲ್ಲಿ ಓಡುವುದು ಹಳೆಯ ಸಣ್ಣ ಕಾರುಗಳು. ಗಾಜು ಕಿತ್ತಿರುತ್ತಾರೆ, ಹಿಂದಿನ ಸೀಟು ಕಿತ್ತಿರುತ್ತಾರೆ, ಪಲ್ಟಿಯಾದರೆ ತಲೆ ಉಳಿಯಲಿ ಅಂತ ಒಳಗೆ ಕಬ್ಬಿಣದ ಪೈಪು ಬೆಸೆದಿರುತ್ತಾರೆ. ಸುತ್ತಿನ ತುಂಬ ಎಡಕ್ಕೇ ತಿರುಗಬೇಕು. ಒಬ್ಬರ ಕಾರನ್ನು ಒಬ್ಬರು ಗುದ್ದುವುದಕ್ಕೆ ಅಲ್ಲಿ ಯಾವ ತಡೆಯೂ ಇಲ್ಲ. ಗುದ್ದಿಸಿಕೊಂಡವನು ಓಟ ಮುಗಿದ ಮೇಲೆ ಕಾರಿನಿಂದ ಇಳಿದು ಗುದ್ದಿದವನ ಅಂಗಿ ಹಿಡಿಯುತ್ತಾನೆ. ಜನ ಓಟಕ್ಕಿಂತ ಆ ಹೊಡೆದಾಟ ನೋಡಲು ನಿಲ್ಲುತ್ತಾರೆ ಅಂತ ನನಗೆ ಅನುಮಾನ.

ನನ್ನ ಗಂಡ ಇದಕ್ಕೆ ಬರುವ ಮೊದಲು ಟ್ರ್ಯಾಕ್ಟರ್ ಜಗ್ಗುವ ಪಂದ್ಯದಲ್ಲಿದ್ದವನು. ಎರಡು ಟ್ರ್ಯಾಕ್ಟರುಗಳ ಬೆನ್ನಿಗೆ ಬೆನ್ನು ಹಚ್ಚಿ ಸರಪಳಿ ಕಟ್ಟುತ್ತಾರೆ. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಾರೋ ಅವರು ಗೆದ್ದರು. ಎಳೆಯುವ ಭರದಲ್ಲಿ ಟ್ರ್ಯಾಕ್ಟರಿನ ಮೂತಿ ಆಕಾಶಕ್ಕೆ ಏಳುತ್ತದೆ. ಆಗ ಇಂಜಿನ್ ಕೆಳಗಿನ ಚೇಂಬರಿನಲ್ಲಿರುವ ಆಯಿಲೆಲ್ಲ ಹಿಂದಕ್ಕೆ ಹರಿದು, ಪಂಪಿಗೆ ಆಯಿಲ್ ಸಿಗದೆ ಇಂಜಿನ್ ಹಾಳಾಗುತ್ತದೆ ಅಂತ ಜಗ್ಗುವವರು ಅಳತೆಗಿಂತ ಹೆಚ್ಚು ಆಯಿಲ್ ಸುರಿಯುತ್ತಾರೆ. ಮುಧೋಳದಿಂದ ತೇರದಾಳದವರೆಗೆ ಜಗ್ಗುವವರೆಲ್ಲರ ಉಪಾಯ ಇದೇ. ನನ್ನ ಗಂಡ ಅದನ್ನೇ ಕಾರಿಗೂ ಮಾಡಿದ.

"ಗೆರಿ ಮ್ಯಾಲೆ ಬಂದೈತಿ, ಸಾಕ್ರಿ," ಅಂದೆ ನಾನು, ಆಯಿಲ್ ಕಡ್ಡಿ ಎತ್ತಿ ತೋರಿಸಿ.

"ನೀ ಸೀರಿ ನೇಯೂ ಮಂದಿ. ಹಾಕ್, ಇನ್ನೊಂದ್ ಡಬ್ಬಿ ಒಡಿ."

ಒಡೆದೆ. ಸುರಿದೆ. ಗಂಡನ ಮಾತು ಮೀರಲಿಲ್ಲ.

ಕಾರು ಟ್ರ್ಯಾಕ್ಟರ್ ಅಲ್ಲ. ಅದರ ಚೇಂಬರು ಅನ್ನ ಬಡಿಸುವ ತಟ್ಟೆಗಿಂತ ಸ್ವಲ್ಪ ಆಳ, ಅಷ್ಟೇ. ಆಯಿಲ್ ಹೆಚ್ಚಾದರೆ ಮೇಲೆ ಸುತ್ತುವ ಕ್ರ್ಯಾಂಕಿಗೆ ತಾಗುತ್ತದೆ, ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ಬರೀ ನೊರೆಯಾಗುತ್ತದೆ. ಪಂಪು ಎಳೆದುಕೊಂಡದ್ದು ಆ ನೊರೆಯನ್ನು. ನೊರೆಯಿಂದ ಬೇರಿಂಗು ಉಳಿಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ನಾನು ಸುಣ್ಣದ ಗೆರೆಯ ಆಚೆ ನಿಂತು ಬರೀ ಸದ್ದು ಕೇಳಿದೆ. ಮೊದಲು ಬಾಗಿಲು ಬಡಿದ ಹಾಗೆ ಟಕ್ ಟಕ್. ಆಮೇಲೆ ಸುತ್ತಿಗೆ ಬಡಿದ ಹಾಗೆ. ಎಲ್ಲರೂ ಕೇಳುತ್ತಿದ್ದರು, ಅವನೊಬ್ಬ ಆಕ್ಸಿಲೇಟರಿನಿಂದ ಕಾಲು ತೆಗೆಯಲಿಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ರಾಡು ಮುರಿದು, ಬ್ಲಾಕು ಒಡೆದುಕೊಂಡು ಹೊರಗೆ ಬಂತು. ಒಡೆದ ತೂತಿನಿಂದ ಕುದಿಯುವ ಆಯಿಲ್ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿ ದಗ್ಗನೆ ಬೆಂಕಿ ಹತ್ತಿತು. ಜನ ಎರಿಮಣ್ಣು ಎತ್ತಿ ಎತ್ತಿ ಒಗೆದು ಆರಿಸಿದರು. ರಾಡಿನ ಒಂದು ತುಂಡು ನನ್ನ ಕಾಲ ಹತ್ತಿರ ಬಂದು ಬಿದ್ದಿತ್ತು. ಅದನ್ನು ಮುಟ್ಟಿ ಕೈ ಸುಟ್ಟುಕೊಂಡೆ.

ಜಮಖಂಡಿಗೆ ಬಂದ ಕೂಡಲೇ ಅವನು ಅಂಗಡಿಯ ಶಟರ್ ಎಳೆದ. ಹಾಡುಹಗಲು ಶಟರ್ ಇಳಿದರೆ ಎದುರಿನ ಹೋಟೆಲ್ಲಿನವರು, ಪಕ್ಕದ ಪಂಕ್ಚರ್ ಅಂಗಡಿಯವರು ತಮ್ಮ ತಮ್ಮ ರೇಡಿಯೋ ಜೋರು ಮಾಡುತ್ತಿದ್ದರು. ಅಷ್ಟರಮಟ್ಟಿಗೆ ಅವರಿಗೆ ನಾಚಿಕೆ ಇತ್ತು ಅನ್ನೋಣ.

"ಡುಪ್ಲಿಕೇಟ್ ಆಯಿಲ್ ಇಟ್ಟೀ ಅಂಗಡ್ಯಾಗ. ನನ್ನ ಇಂಜಿನ್ ತಿಂದಿ."

"ಹೆಚ್ಚಿಗಿ ಹಾಕ ಅಂದಾವ್ರು ನೀವ್."

ಗೂಟಕ್ಕೆ ತೂಗುಹಾಕಿದ್ದ ಹೊಸ ಫ್ಯಾನ್ ಬೆಲ್ಟು ತೆಗೆದುಕೊಂಡ. ಫ್ಯಾನ್ ಬೆಲ್ಟಿಗೆ ಒಳಗಡೆ ಹಲ್ಲುಗಳಿರುತ್ತವೆ, ಅವು ಮೈಮೇಲೆ ಮೂಡುತ್ತವೆ. ನಾನೂ ಬಾಯಿ ಮುಚ್ಚಿಕೊಂಡು ತಿಂದವಳಲ್ಲ. ಅವನ ಮುಂಗೈ ಕಚ್ಚಿ ಹಿಡಿದೆ, ಬಾಯಿಯಲ್ಲಿ ಗ್ರೀಸಿನ ರುಚಿ, ರಕ್ತದ ರುಚಿ. ಬಿಡಿಸಿಕೊಳ್ಳಲು ಅವನು ನನ್ನ ತಲೆಯನ್ನು ರ‍್ಯಾಕಿಗೆ ಬಡಿದ. ಫಿಲ್ಟರ್ ಡಬ್ಬಿಗಳೆಲ್ಲ ನನ್ನ ಮೇಲೆ ಉದುರಿದವು. ಸಂಜೆ ನಾನೇ ಎದ್ದು ಅವನ್ನೆಲ್ಲ ಜೋಡಿಸಿಟ್ಟೆ, ಇಡುವಾಗ ಒಂದೊಂದಕ್ಕೂ ಅವನ ಹೆಸರು ಹಿಡಿದು ಬೈದೆ.

ಮುಂದಿನ ಬೇಸಿಗೆಗೆ ಸಾಂಗ್ಲಿಯ ಗುಜರಿಯಿಂದ ಇನ್ನೊಂದು ಇಂಜಿನ್ ಬಂತು. ಈ ಸಲ ಆಯಿಲ್ ಅಳತೆಗೆ ಸರಿಯಾಗಿ ಹಾಕಿದ. ಅತ್ತೆ ಪೂಜೆ ಮಾಡಿದಳು. ಚಕ್ರದ ಕೆಳಗೆ ನಿಂಬೆಹಣ್ಣು, ತೆಂಗಿನಕಾಯಿ, ಬಾನೆಟ್ಟಿಗೆ ವಿಭೂತಿ, ಸ್ಟೇರಿಂಗಿಗೆ ವಿಭೂತಿ. ಒಳಗೆ ಬಗ್ಗಿ ಮೀಟರಿನ ಗಾಜಿನ ಮೇಲೂ ಮೂರು ಬೆರಳು ಅಗಲವಾಗಿ ಎಳೆದಳು. ಹಚ್ಚಿದ ವಿಭೂತಿಯನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಅದು ತಾನಾಗಿಯೇ ಉದುರಬೇಕು. ಅವಳೂ ಒರೆಸಲಿಲ್ಲ, ಅವನೂ ಒರೆಸಲಿಲ್ಲ, ನಾನೂ ಒರೆಸಲಿಲ್ಲ. ಆಯಿಲ್ ಒತ್ತಡ ಬಿದ್ದರೆ ಹತ್ತುವ ಕೆಂಪು ದೀಪ ಆ ಮೂರು ಗೆರೆಗಳಲ್ಲಿ ನಡುವಿನದರ ಹಿಂದೆ ಹೋಯಿತು. ಹಾಗೇ ಓಟಕ್ಕಿಳಿದ.

ಅವನು ಮುಂದಿದ್ದ. ನದಿಯ ಕಡೆಯ ದೊಡ್ಡ ತಿರುವಿನಲ್ಲಿ ವೇಗ ಇಳಿಸದೆ ಎಡಕ್ಕೆ ಹೊಡೆದ. ಅಲ್ಲೇ ಇಂಜಿನ್ ಹಿಡಿದುಕೊಂಡಿತು. ಇಂಜಿನ್ ಕಚ್ಚಿ ನಿಂತರೆ ಮುಂದಿನ ಚಕ್ರಗಳೂ ನಿಲ್ಲುತ್ತವೆ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ಕೇಳುವುದಿಲ್ಲ. ನೇರ ಹೋಗಿ ಮಣ್ಣಿನ ದಂಡೆಗೆ ಗುದ್ದಿ, ಎಗರಿ, ಉರುಳಿತು. ಹಿಂದೆ ಬರುತ್ತಿದ್ದವನೊಬ್ಬ ತಪ್ಪಿಸಲಾಗದೆ ಅದರ ಹೊಟ್ಟೆಗೇ ಗುದ್ದಿದ. ಧೂಳು ಕೂರುವವರೆಗೆ ಯಾರಿಗೂ ಏನೂ ಕಾಣಲಿಲ್ಲ. ನಾನು ಓಡಿದೆ. ಹೆಂಗಸರು ಆ ಗೆರೆ ದಾಟಬಾರದು ಅಂತ ಯಾರೋ ಕೂಗಿದರು, ಅವರಿಗೂ ಎರಡು ಬೈಗುಳ ಕೊಟ್ಟು ಓಡಿದೆ. ಅವನು ಸತ್ತಿದ್ದಾನೆ ಅಂದುಕೊಂಡೆ. ಆಗ ನನಗೆ ಏನನ್ನಿಸಿತು ಅಂತ ಮುಚ್ಚಿಡುವುದಿಲ್ಲ. ಮೊದಲು ಹಗುರಾಯಿತು. ಮರುಕ್ಷಣ ಭಯವಾಯಿತು. ಅವನು ಸೀಟ್ ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತು ಬಿದ್ದಿದ್ದ. ಹಣೆ ಒಡೆದು ರಕ್ತ ಕೂದಲಿನ ಕಡೆಗೆ ಹರಿಯುತ್ತಿತ್ತು.

ಜನ ಕಾರನ್ನು ಮಗುಚಿ ನಿಲ್ಲಿಸಿ ಅವನನ್ನು ಎಳೆದು ತೆಗೆದರು. ಕೀಲಿ ಇನ್ನೂ ಆನ್ ಇತ್ತು. ಮೀಟರ್ ಗಾಜಿನ ವಿಭೂತಿಯ ಹಿಂದೆ ಮಸುಕು ಮಸುಕಾಗಿ ಏನೋ ಕೆಂಪಗೆ ಕಂಡಿತು. ಸೆರಗಿನಿಂದ ಒರೆಸಿದೆ. ದೀಪ ಉರಿಯುತ್ತಿತ್ತು.

"ಇಲ್ ನೋಡ್ರಿ! ದೀಪ ಹತ್ತೈತಿ. ತಿರುವಿನ್ಯಾಗನ ಹತ್ತಿರತೈತಿ. ಅತ್ತಿ ಈಬತ್ತಿ ಹಚ್ಚಿದ್ದಕ್ಕ ನಿಮಗ ಕಂಡಿಲ್ಲ," ಅಂದೆ. ನನ್ನ ದನಿ ಗೊತ್ತಲ್ಲ, ಅಲ್ಲಿ ನಿಂತವರಿಗೆಲ್ಲ ಕೇಳಿಸಿತು.

ಅವನು ಇಬ್ಬರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಒಂದು ಕೈ ಬಿಡಿಸಿಕೊಂಡು ನನ್ನ ಕೆನ್ನೆಗೆ ಬಾರಿಸಿದ. ಅವನ ಹಣೆಯ ರಕ್ತ ಅವನ ಕೈಗೆ ಅಂಟಿತ್ತು, ಅದು ನನ್ನ ಮುಖಕ್ಕೆ ಅಂಟಿತು. "ಅವ್ವನ ಹೆಸರ ತಗೀತೀ?" ಅಂದ. ಅವನನ್ನು ಹಿಡಿದುಕೊಂಡಿದ್ದವರು ಅವನನ್ನು ಹಿಡಿದುಕೊಂಡೇ ಇದ್ದರು, ಬೀಳದ ಹಾಗೆ.

ಅವನ ಹಣೆಗೆ ಹೊಲಿಗೆ ಹಾಕಿಸಿ ಮನೆಗೆ ತಂದ ಮೇಲೆ ಅತ್ತೆ ನನ್ನ ಕೆನ್ನೆಗೆ ಅರಿಸಿನ ಹಚ್ಚಲು ಬಂದಳು. ನಾನು ಅವಳ ಕೈ ತಳ್ಳಿದೆ.

"ಈಬತ್ತಿ ಒರಸ್ತಾರೇನ್ ಹುಚ್ಚಿ? ಅದರಿಂದನ ಅವನ ಜೀವ ಉಳದೈತಿ," ಅಂದಳು. ಆಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು, "ಅವ ಕೆಟ್ಟಾವಲ್ಲ ಯವ್ವಾ. ಗಾಡಿ ಛಲೋ ಇದ್ರ ಅವನೂ ಛಲೋ ಇರ್ತಾನ. ನೀ ಗಾಡಿ ನೋಡ್ಕೋ."

ನಗು ಬರುತ್ತದೆ ಈಗ. ಆದರೆ ಆವತ್ತು ನಾನು ಆ ಮಾತನ್ನು ನಂಬಿದೆ. ಹೊಡೆಯುವವನನ್ನು ರಿಪೇರಿ ಮಾಡುವುದು ನನ್ನ ಕೈಯಲ್ಲಿರಲಿಲ್ಲ, ಇಂಜಿನ್ ರಿಪೇರಿ ಮಾಡಬಹುದಿತ್ತು. ಏನು ಮಾಡಿದರೆ ಏಟು ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ಏಟು ತಿನ್ನುವವಳು ಅದನ್ನು ಮಾಡಿಯೇ ಮಾಡುತ್ತಾಳೆ. ಇಂಜಿನ್ ಉಳಿದರೆ ನಾನು ಉಳಿಯುತ್ತೇನೆ ಅಂತ ಲೆಕ್ಕ ಹಾಕಿಕೊಂಡೆ.

ಅವನು ಮಂಚದಲ್ಲಿದ್ದಾಗ ನಾನೇ ಕೆಟ್ಟ ಇಂಜಿನ್ನಿನ ಕೆಳಗೆ ಮಲಗಿ ಚೇಂಬರ್ ಬಿಚ್ಚಿದೆ. ಒಳಗೆ ಆಯಿಲ್ ತುಂಬಿತ್ತು. ಬೇಕಾದಷ್ಟು ಇತ್ತು. ಹಾಗಾದರೆ ಬೇರಿಂಗು ಆಯಿಲ್ ಇಲ್ಲದೆ ಯಾಕೆ ಸುಟ್ಟಿತು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಡಬ್ಬಿಗೆ ಸುರಿಯೋಣ ಅಂತ ಚೇಂಬರನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು, ಅವಸರದಲ್ಲಿ ಬಾಗಿಲ ಕಡೆ ಎಡಕ್ಕೆ ತಿರುಗಿದೆ. ಆಯಿಲೆಲ್ಲ ಬಲಗಡೆಯ ಗೋಡೆಗೆ ಏರಿ ನನ್ನ ಸೀರೆಯ ಮೇಲೆ ಚೆಲ್ಲಿತು. ಚೇಂಬರಿನ ನಡುವೆ, ಪಂಪು ಆಯಿಲ್ ಎಳೆದುಕೊಳ್ಳುವ ಜಾಳಿಗೆ ಕೂರುವ ಜಾಗದಲ್ಲಿ, ಬರೀ ತಗಡು ಹೊಳೆಯುತ್ತಿತ್ತು. ನಾನು ಅಲ್ಲೇ ನಿಂತೆ. ಮತ್ತೆ ಎಡಕ್ಕೆ ತಿರುಗಿದೆ, ಮತ್ತೆ ಅದೇ ಆಯಿತು. ಆಯಿಲ್ ಕಡಿಮೆ ಬಿದ್ದದ್ದಲ್ಲ. ಕಾರು ತಿರುಗಿದಾಗ ಅದು ಇರಬೇಕಾದ ಜಾಗದಲ್ಲಿ ಇರುತ್ತಿರಲಿಲ್ಲ. ಪಂಪು ಗಾಳಿ ಕುಡಿಯುತ್ತಿತ್ತು. ಸುತ್ತೆಲ್ಲ ಎಡಕ್ಕೇ ತಿರುಗುವ ಓಟದಲ್ಲಿ ಅದು ಮತ್ತೆ ಮತ್ತೆ ಗಾಳಿ ಕುಡಿಯುತ್ತಿತ್ತು.

ಬನಹಟ್ಟಿಯಲ್ಲಿ ನನ್ನ ಅಣ್ಣ ಮಗ್ಗ ಬಿಟ್ಟು ವೆಲ್ಡಿಂಗ್ ಅಂಗಡಿ ಹಾಕಿದ್ದ. ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರ್ ಮಾಡುತ್ತಾನೆ. ಟ್ಯಾಂಕರಿನ ಹೊಟ್ಟೆಯೊಳಗೆ ಅಡ್ಡಡ್ಡ ತಗಡು ಬೆಸೆದಿರುತ್ತಾರೆ, ನೀರು ಒಮ್ಮೆಗೇ ಒಂದು ಕಡೆ ನುಗ್ಗಿ ಟ್ರ್ಯಾಕ್ಟರನ್ನು ಉರುಳಿಸಬಾರದು ಅಂತ. ಅದು ನೆನಪಾಯಿತು. ಚೇಂಬರನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಅಂಗಡಿಗೆ ಸಾಮಾನು ತರುತ್ತೇನೆ ಅಂತ ಅತ್ತೆಗೆ ಹೇಳಿದ್ದೆ.

ಅಣ್ಣ ಚೇಂಬರ್ ನೋಡುವ ಮೊದಲು ನನ್ನ ಮುಖ ನೋಡಿದ. ಕೆನ್ನೆ ಹಳದಿಗೆ ತಿರುಗಿತ್ತು. ಕೈಯಲ್ಲಿದ್ದ ಕಬ್ಬಿಣದ ಪಟ್ಟಿ ಹಿಡಿದುಕೊಂಡೇ ಬೈಕಿನ ಕಡೆ ನಡೆದ.

"ಎಲ್ಲಿ ಹೊಂಟಿ?"

"ಜಮಖಂಡಿಗಿ. ಅವನ ಕಾಲ ಮುರದ್ ಬರ್ತೇನಿ."

"ಬ್ಯಾಡಣ್ಣಾ. ನೀ ಬಡದ್ ಬಂದ್ರ ಆ ಸಿಟ್ಟೂ ನನ್ ಮ್ಯಾಲೇನ ತೀರಸ್ತಾನ. ನೀ ಇದಕ್ಕ ತಗಡ ಹಚ್ಚಿ ಕೊಡು."

"ಹೊಡಸ್ಕೊಂಡ್ ಬಂದಾಕಿ ಗಾಡಿ ಸಾಮಾನ್ ರಿಪೇರಿ ಮಾಡ್ಸಾಕ ಬಂದಿ ಏನ್ ತಂಗಿ?" ಅಂದವನ ಕಣ್ಣಲ್ಲಿ ನೀರು ಬಂತು. ನನಗೆ ಅವನ ಮೇಲೂ ಸಿಟ್ಟು ಬಂತು. ಅಳುವುದಿದ್ದರೆ ಆಮೇಲೆ ಅಳು, ಮೊದಲು ವೆಲ್ಡಿಂಗ್ ಮಷಿನ್ ಹಚ್ಚು ಅಂದೆ.

ಚೇಂಬರಿನ ನಡುವೆ, ಜಾಳಿಗೆಯ ಸುತ್ತ, ಚೌಕಾಕಾರದ ಗೂಡು ಮಾಡಿದೆವು. ನಾಲ್ಕು ಕಡೆ ತಗಡಿನ ಗೋಡೆ, ಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಬಾಗಿಲು. ಬಾಗಿಲು ಒಳಗಡೆಗೆ ಮಾತ್ರ ತೆರೆಯಬೇಕು. ಆಯಿಲ್ ಹೊರಗಿನಿಂದ ಗೂಡಿಗೆ ಬರಬೇಕು, ಕಾರು ತಿರುಗಿದಾಗ ಹೊರಗೆ ಓಡಲು ನೋಡಿದರೆ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು. ಮೇಲಿನಿಂದ ಏರಿ ಹೋಗದ ಹಾಗೆ ಗೂಡಿನ ಮೇಲೆ ಒಂದು ಮುಚ್ಚಳದ ತಗಡು. ಮೊದಲು ಮಾಡಿದ ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡಿತು. ಅಣ್ಣ ಅದನ್ನು ಕಿತ್ತು ಗೋಡೆಗೆ ಎಸೆದ, ಎರಡನೆಯದನ್ನೂ ಎಸೆದ. ಅವನು ಯಾರನ್ನು ಎಸೆಯುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಕೀಲುಗಳಿಗೆ ತುಸು ಸಡಿಲು ಬಿಟ್ಟ ಮೇಲೆ ಬಾಗಿಲುಗಳು ಸರಾಗ ಆಡಿದವು. ಹಳೆಯ ಆಯಿಲ್ ತುಂಬಿ, ಚೇಂಬರನ್ನು ಹಿಡಿದು ಅಂಗಳದಲ್ಲಿ ನಾನು ಗರಗರ ಎಡಕ್ಕೆ ತಿರುಗಿದೆ. ಅಣ್ಣ ಪಕ್ಕದಲ್ಲೇ ಓಡುತ್ತಾ ಬ್ಯಾಟರಿ ಬೆಳಕು ಬಿಟ್ಟು ಮುಚ್ಚಳದ ತೂತಿನಿಂದ ಒಳಗೆ ನೋಡಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಗೂಡಿನಲ್ಲಿ ಆಯಿಲ್ ನಿಂತಿತ್ತು, ಜಾಳಿಗೆಯ ಜಾಗ ಮುಳುಗಿಯೇ ಇತ್ತು. ತಲೆ ತಿರುಗಿ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಬಹಳ ದಿನಗಳ ಮೇಲೆ ನನಗೆ ಖುಷಿಯಾಗಿತ್ತು.

ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ನೇಕಾರ ಮಂದಿ ಚೇಂಬರ್ ನೇದ್ ಕೊಟ್ಟಾರ," ಅಂತ ಗೆಳೆಯರ ಮುಂದೆ ನಕ್ಕ. ಆದರೆ ಮುಂದಿನ ಬೇಸಿಗೆಗೆ ತಂದ ಮೂರನೆಯ ಇಂಜಿನ್ನಿಗೆ ಅದನ್ನೇ ಕೂರಿಸಿದ. ನಾನು ಸ್ಟೇರಿಂಗಿನ ಎದುರಿಗೇ ಟ್ರ್ಯಾಕ್ಟರಿನ ಒಂದು ದೊಡ್ಡ ಕೆಂಪು ದೀಪ ಸಿಕ್ಕಿಸಿ ಆಯಿಲ್ ಒತ್ತಡದ ಸ್ವಿಚ್ಚಿನ ತಂತಿ ಅದಕ್ಕೆ ಎಳೆದೆ. ಪೂಜೆಯ ದಿನ ಅತ್ತೆಯ ಮುಂಗೈ ಹಿಡಿದು, ವಿಭೂತಿಯನ್ನು ಬಾನೆಟ್ಟಿಗೆ ಮಾತ್ರ ಹಚ್ಚಿಸಿದೆ.

ಆ ಓಟದಂತಹ ಓಟ ನಾನು ಮತ್ತೆ ನೋಡಿಲ್ಲ. ಮೊದಲ ಸುತ್ತಿನಲ್ಲೇ ಒಬ್ಬನ ಬಾಗಿಲು ಕಿತ್ತು ಜನರ ನಡುವೆ ಬಿತ್ತು. ಮುಧೋಳ ಕಡೆಯವನೊಬ್ಬ ನನ್ನ ಗಂಡನ ಹಿಂಬದಿಗೆ ಗುದ್ದಿ ಗುದ್ದಿ ಡಿಕ್ಕಿಯನ್ನು ಸೀಟಿನವರೆಗೆ ತಳ್ಳಿದ. ನನ್ನ ಗಂಡ ತಿರುಗಿ ಆ ಕಾರಿನ ಪಕ್ಕೆಗೆ ಗುದ್ದಿ ಅದನ್ನು ದಂಡೆಗೆ ಒರೆಸಿಕೊಂಡು ಹೋದ, ಕಬ್ಬಿಣದಿಂದ ಕಿಡಿ ಹಾರಿತು. ಪ್ರತಿ ಸಲ ಅವನು ನದಿಯ ಕಡೆಯ ತಿರುವಿಗೆ ಬಂದಾಗ ನಾನು ಹಲ್ಲು ಕಚ್ಚಿ ಬೆನ್ನು ಸೆಟೆಸಿ ನಿಲ್ಲುತ್ತಿದ್ದೆ. ಟಕ್ ಟಕ್ ಸದ್ದು ಬರಲಿಲ್ಲ. ಇಂಜಿನ್ ಕೂಗುತ್ತಾ ಬಂತು, ಕೂಗುತ್ತಾ ಹೋಯಿತು, ಗೆರೆ ದಾಟಿತು. ಅವನು ಗೆದ್ದ.

ಗುಲಾಲ್ ಎರಚಿದರು. ಅವನನ್ನು ಹೆಗಲ ಮೇಲೆ ಹೊತ್ತರು. ನನ್ನ ಮೇಲೂ ಯಾರೋ ಎರಚಿದರು. ಅವನನ್ನು ಕೆಳಗಿಳಿಸಿದ ಮೇಲೆ ಹತ್ತಿರ ಹೋಗಿ ಕೇಳಿದೆ, "ದೀಪ ಹತ್ತಿತ್ತೇನ್ರಿ?" "ಇಲ್ಲ," ಅಂದ, ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ಸೋತ ಆ ಮುಧೋಳ ಕಡೆಯವನು, ತುಟಿ ಒಡೆದುಕೊಂಡು ನಿಂತಿದ್ದವನು, ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಗೆದ್ದಾವ ನೀ ಅಲ್ಲಲೇ. ಗೆದ್ದಾಕಿ ನಿನ್ನ ಹೆಂಡ್ತಿ. ಆಕಿ ಚೇಂಬರ್ ಇಲ್ಲಂದ್ರ ಹೋದ್ ವರ್ಷದಂಗ ಕಾಲ್ ಮ್ಯಾಲ್ ಮಾಡಿ ಬೀಳ್ತಿದ್ದಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಜಮಖಂಡಿಯವರೆಗೆ ಒಂದು ಮಾತೂ ಆಡಲಿಲ್ಲ. ಕಾರನ್ನು ಸಾಗಿಸುವ ಟೆಂಪೋದಲ್ಲಿ ನಾನು ಅವನ ಪಕ್ಕದಲ್ಲಿ ಕೂತು, ರಾತ್ರಿ ಊಟಕ್ಕೆ ಹೋಳಿಗೆ ಮಾಡಲೋ ಮಾದಲಿ ಮಾಡಲೋ ಅಂತ ಯೋಚಿಸುತ್ತಿದ್ದೆ. ಅಷ್ಟು ನಂಬಿಕೆ ನನಗೆ.

ಗ್ಯಾರೇಜಿಗೆ ಬಂದು ಅವನೇ ಕಾರನ್ನು ಸ್ಟಾರ್ಟ್ ಮಾಡಿ ಟೆಂಪೋದಿಂದ ಇಳಿಸಿ ಒಳಗೆ ನಿಲ್ಲಿಸಿದ. ಟೆಂಪೋ ಹೋಯಿತು. ಇನ್ನೂ ಬೆಳಕಿತ್ತು. ಅವನು ಶಟರ್ ಎಳೆದ.

ಎದುರಿನ ಹೋಟೆಲ್ಲಿನಲ್ಲಿ ಹಾಡು ಜೋರಾಯಿತು. ನಾನು ನಿಂತಲ್ಲೇ ಒಂದೊಂದಾಗಿ ನೆನೆಸಿಕೊಂಡೆ. ಆಯಿಲ್ ಸರಿ ಇದೆ. ಬೇರಿಂಗು ಸರಿ ಇದೆ. ದೀಪ ಹತ್ತಿಲ್ಲ. ಇಂಜಿನ್ ಬದುಕಿದೆ, ಈಗ ತಾನೇ ಸ್ಟಾರ್ಟ್ ಆಗಿತ್ತು. ಎಲ್ಲಿ ತಪ್ಪಿದೆ ಅಂತ ಖರೆಖರೆ ಹುಡುಕಿದೆ, ಹುಡುಕುತ್ತಿರುವಾಗಲೇ ಮೊದಲ ಏಟು ಮೂಗಿಗೆ ಬಿತ್ತು.

"ಮಂದ್ಯಾಗ ನನ್ನ ಮರ್ಯಾದಿ ತಗದಿ. ಯಾರ್ಯಾರಿಗಿ ಹೇಳ್ಕೊಂಡ್ ಬಂದೀ? ನಾ ಗೆದ್ದೇನೋ ನೀ ಗೆದ್ದಿಯೋ? ಹೇಳ್ಲೇ!"

ಎರಡನೆಯದು ಕಿವಿಗೆ. ಕಾರಿನ ಮೇಲೆ ಬಿದ್ದೆ. ಬಾನೆಟ್ಟು ಬಿಸಿಯಿತ್ತು. ಆ ಬಿಸಿಯ ಮೇಲೆ ಮುಖ ಇಟ್ಟುಕೊಂಡಿದ್ದಾಗ ನನಗೆ ತಿಳಿಯಿತು. ಇಷ್ಟು ವರ್ಷ ಈ ಮನುಷ್ಯ ಹೊಡೆಯುವುದಕ್ಕೆ ಕಾರಣವನ್ನು ನಾನು ಇಂಜಿನ್ನಿನಲ್ಲಿ ಹುಡುಕಿದ್ದೆ. ಅಲ್ಲಿ ಅದು ಇರಲಿಲ್ಲ. ಇಂಜಿನ್ ಕೆಟ್ಟರೂ ಹೊಡೆಯುತ್ತಿದ್ದ, ಉಳಿದರೂ ಹೊಡೆಯುತ್ತಿದ್ದ. ನಾನು ಲೋಕದಲ್ಲಿರುವ ಎಲ್ಲಾ ಇಂಜಿನ್ನುಗಳನ್ನು ಉಳಿಸಿದರೂ ಇವನು ಹೊಡೆಯುತ್ತಾನೆ. ನನಗೆ ಅಳು ಬರಲಿಲ್ಲ. ಮೈಯೆಲ್ಲ ಹೊತ್ತಿ ಉರಿಯಿತು.

ನೆಲದ ಮೇಲೆ ಚಕ್ರ ಬಿಚ್ಚುವ ಟಾಮಿ ಬಿದ್ದಿತ್ತು, ಮೊಳದುದ್ದದ ಕಬ್ಬಿಣದ ಸರಳು. ಅದನ್ನು ಎತ್ತಿಕೊಂಡು, ಮತ್ತೆ ಎತ್ತಿದ ಅವನ ಕೈಯ ಮಣಿಕಟ್ಟಿಗೆ ಬೀಸಿದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಕೈಯನ್ನು ನೋಡಿಕೊಂಡ, ಅದು ಬೇರೆ ಯಾರದೋ ಅನ್ನುವ ಹಾಗೆ. ಮೊಣಕಾಲಿಗೆ ಬೀಸಿದೆ. ಕುಸಿದು ಕೂತು "ಅವ್ವಾ" ಅಂದ. ಅವನು ಹೊಡೆದಾಗಲೆಲ್ಲ ನಾನು "ಅವ್ವಾ" ಅಂದದ್ದು ಅವನಿಗೆ ಎಂದಾದರೂ ಕೇಳಿಸಿತ್ತೋ ಇಲ್ಲವೋ. ಮುಂದಿನದು ತಲೆಗೆ ಬೀಳಬೇಕಿತ್ತು. ಸುಳ್ಳು ಯಾಕೆ ಹೇಳಲಿ, ತಲೆಗೇ ಎತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಅತ್ತೆ ಬಂದು ನಿಂತಳು.

"ಗಾಡಿ ಹೊಡ್ಯಾವನ ಕೈ ಮುರದೆಲ್ಲವಾ," ಅಂದಳು.

"ಆ ಕೈ ಬರೇ ಗಾಡಿ ಹೊಡೀತಿದ್ದಿಲ್ಲ ಅತ್ತಿ," ಅಂದೆ. ಟಾಮಿಯನ್ನು ಕೈಯಲ್ಲಿ ಹಿಡಿದುಕೊಂಡೇ ಶಟರ್ ಎತ್ತಿದೆ. ಹೋಟೆಲ್ಲಿನವರೆಲ್ಲ ನೋಡುತ್ತಿದ್ದರು. ನೋಡಲಿ ಅಂತ ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ. ಯಾರೋ ಹಾಡು ಬಂದ್ ಮಾಡಿದರು. ಟಾಮಿಯನ್ನು ಅವರ ಕಟ್ಟೆಯ ಮೇಲೆ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ಬನಹಟ್ಟಿ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖ ನೋಡಿ ನಕ್ಕ. ಗುಲಾಲಿನ ನಡುವೆ ರಕ್ತ ಯಾವುದು ಅಂತ ಅವನಿಗೆ ಗೊತ್ತಾಗಲಿಲ್ಲ. "ಯಾರ್ ಗೆದ್ದಾರ್ರಿ ಅಕ್ಕಾರ?" ಅಂದ. ಟಿಕೆಟ್ ಕೊಡಪ್ಪಾ ಅಂದೆ.

ಈಗ ಅಣ್ಣನ ಅಂಗಡಿಯಲ್ಲಿ ಒಂದು ಮೂಲೆ ನನ್ನದು. ರೇಸಿನವರು ಚೇಂಬರ್ ಹೊತ್ತುಕೊಂಡು ಬರುತ್ತಾರೆ. ಗೂಡು, ಬಾಗಿಲು, ಮುಚ್ಚಳ ಎಲ್ಲ ನಾನೇ ಬೆಸೆಯುತ್ತೇನೆ. ಅಳತೆ ಮೀರಿ ಆಯಿಲ್ ಸುರಿಯಬೇಡಿ ಅಂತ ಬೈದು ಕಳಿಸುತ್ತೇನೆ, ಟ್ರ್ಯಾಕ್ಟರ್ ಜಗ್ಗುವವರು ಅದನ್ನೂ ಕೇಳುವುದಿಲ್ಲ. ಮೊನ್ನೆ ಬೇಸಿಗೆ ಶುರುವಾಗುವ ಹೊತ್ತಿಗೆ ಅವನು ಬಂದ. ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಬಂದಿದ್ದ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅಣ್ಣ ಕೆಲಸ ನಿಲ್ಲಿಸಿ ಎದ್ದ, ನಾನು ಕೂರು ಅಂತ ಸನ್ನೆ ಮಾಡಿದೆ. ಅತ್ತೆ ಕಟ್ಟೆಯ ಮೇಲೆ ಕೂತಳು. ಬಹಳ ಸೊರಗಿದ್ದಳು.

ಅವನು ನಿಂತೇ ಮಾತಾಡಿದ. ದನಿ ಮೆತ್ತಗಿತ್ತು, ಅತ್ತೂ ಬಂದಿದ್ದ ಅಂತ ಕಾಣುತ್ತದೆ.

"ಆದದ್ದ ಆತು. ಮನೀಗಿ ಬಾ. ನಿನ್ನ ಚೇಂಬರ್ ಹಾಕಿದ ಮ್ಯಾಲ ಇಂಜಿನ್ನಿಗಿ ಏನೂ ಆಗಿಲ್ಲ ನೋಡು. ಇನ್ನ ಯಾಕ ಹೊಡೀಲಿ ನಿನ್ನ?"

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು.

"ಆವತ್ತೂ ಇಂಜಿನ್ನಿಗಿ ಏನೂ ಆಗಿದ್ದಿಲ್ಲ," 
ಅಂದೆ.

ಅವನು ನೀನಾದರೂ ಹೇಳು ಅನ್ನುವ ಹಾಗೆ ತಾಯಿಯ ಕಡೆ ನೋಡಿದ. ಅತ್ತೆ ಮೇಜಿನ ಮೇಲಿದ್ದ ಒಂದು ಚೇಂಬರಿನ ಸಣ್ಣ ಬಾಗಿಲನ್ನು ಬೆರಳಿನಿಂದ ತೆರೆದು ಮುಚ್ಚಿ ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಬಡೀತಿದ್ದ ನಿಮ್ಮಪ್ಪನ ಕಡೆ ಗಾಡೀನ ಇದ್ದಿದ್ದಿಲ್ಲೋ," ಅಂದಳು. "ಸೈಕಲ್ ಸೈತ ಇದ್ದಿದ್ದಿಲ್ಲ."